ಕೆಳಗೆ ಎಷ್ಟು ಮಂದಿ

ಕಾರವಾರದಿಂದ ಹೊರಟಾಗ ಜೀಪಿನಲ್ಲಿ ಮೂವರು:
ನಾನು, ಚಾಲಕ ತಳೇಕರ,
ನಡುವಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂತ
ನೀರಿನ ಮಟ್ಟ ಅಳೆಯುವ ಟೇಪಿನ ಸುರುಳಿ.
ಅಂಕೋಲೆ ದಾಟಿ, ಘಟ್ಟದ ಬುಡಕ್ಕೆ ತಿರುಗಿ,
ಮುಚ್ಚಿ ಹದಿನೇಳು ವರ್ಷವಾದ ಮ್ಯಾಂಗನೀಸ್ ಗಣಿಯ
ಗೇಟಿನವರೆಗೆ ಯಾರೂ ಮಾತಾಡಲಿಲ್ಲ.
ಎಪ್ರಿಲ್. ಕೊಳೆತ ಗೇರುಹಣ್ಣಿನ ವಾಸನೆ.

ಅಣೆಕಟ್ಟು ಎಂದರೆ ನೀವು ನೀರು ಅಂದುಕೊಳ್ಳುತ್ತೀರಿ.
ಇದು ಅದಿರು ತೊಳೆದು ಉಳಿದ ಗಸಿ.
ಮೇಲೆ ಒಣಗಿ ಬಿರಿದು, ದನ ಅಡ್ಡಾಡುವಷ್ಟು ಗಟ್ಟಿ.
ಒಳಗೆ ಇನ್ನೂ ಹಸಿ.
ಒಮ್ಮೆ ಜೋರಾಗಿ ಅಲುಗಿದರೆ
ತಾನು ಮಣ್ಣೆಂಬುದನ್ನೇ ಮರೆತು ಹರಿದುಬಿಡಬಲ್ಲದು.

ಫಾರಮಿನಲ್ಲಿ ಎರಡು ಕಲಂ.
ಕಟ್ಟೆ ಹೇಗಿದೆ, ಒಂದು.
ಕಟ್ಟೆ ಹೋದರೆ ಯಾರು ಹೋಗುತ್ತಾರೆ, ಇನ್ನೊಂದು.
ಜನ ಎರಡನ್ನೂ ಕಲಸಿಬಿಡುತ್ತಾರೆ, ಪೇಪರಿನವರೂ.
ಇಪ್ಪತ್ತಾರು ವರ್ಷ ತಿಳಿಸಿ ಹೇಳಿದ್ದೇನೆ:
ಬಂಡೆಯಂಥ ಕಟ್ಟೆಯ ಕೆಳಗೂ ಊರಿದ್ದರೆ ‘ಅಧಿಕ ಅಪಾಯ’,
ಜರಡಿಯಂಥ ಕಟ್ಟೆಯ ಕೆಳಗೆ ಬರೀ ಕಾಡಿದ್ದರೆ ‘ಕಡಿಮೆ’.
ಮಂಗಟ್ಟೆಗಳಿಗೆ ಕಲಂ ಇಲ್ಲ.

ಕಳೆದ ಸಲದ ಲೆಕ್ಕ: ಕರಿಕಲ್ಲ ಕೊಪ್ಪ,
ಮನೆ ಎರಡು, ಮಂದಿ ಒಂಬತ್ತು.
ಹತ್ತಾದರೆ ವರ್ಗ ಬದಲು.
ಹತ್ತಾದರೆ ಕಂಪನಿ ಕಟ್ಟೆಯ ಬುಡಕ್ಕೆ ಕಲ್ಲಿನ ಒತ್ತು ಕೊಡಬೇಕು,
ಕೋಡಿ ಅಗಲಿಸಬೇಕು, ಸೈರನ್ ಹಾಕಬೇಕು.
ಒಂಬತ್ತು ಮಂದಿಗೆ ಒಂದು ಬೋರ್ಡು ಸಾಕು.
ಬೋರ್ಡು ಇದೆ.
ಅದರ ಮೇಲೆ ಯಾರದೋ ಕಂಬಳಿ ಒಣಗುತ್ತಿದೆ.

ಅಂಗಳದಲ್ಲಿ ಬೀರಮ್ಮ, ಕೊರಳ ತುಂಬ ಮಣಿಸರ,
ಶೇಂಗಾ ಬಿಡಿಸುತ್ತಿದ್ದಳು.
‘ಎಣ್ಸೂಕೆ ಬಂದ್ರಾ ವಡೆಯಾ?
ಮೂರು ವರ್ಷದ ಹಿಂದೂ ಎಣ್ಸಿದ್ರಿ.’
ಬೆರಳು ಮಡಚುತ್ತ ಹೆಸರು ಹೇಳತೊಡಗಿದಳು.
ಒಂಬತ್ತನೆಯ ಬೆರಳಿಗೆ
ಒಳಗೆ ಸೀರೆಯ ಜೋಲಿಯಿಂದ ಅಳು.

ಹನ್ನೊಂದು ದಿನದ್ದು. ಸೊಸೆಯ ಚೊಚ್ಚಲು.
ಹೆಸರಿನ್ನೂ ಇಟ್ಟಿಲ್ಲ.

ಅರ್ಧ ಕಿಲೋಮೀಟರು ಮೇಲೆ
ಕೂದಲೆಳೆಯಷ್ಟೂ ಕದಲದೆ
ಕಟ್ಟೆ ಒಂದು ವರ್ಗ ಮೇಲೇರಿತು.

ಕಂಪನಿಯ ಸಾಳುಂಕೆ ಕೆಟ್ಟವರಲ್ಲ.
ದಾರಿಯಲ್ಲಿ ಎಳನೀರು ಕೊಡಿಸಿದವರು.
‘ಹೆಸರೇ ಇಲ್ಲದ್ದನ್ನು ಹ್ಯಾಗೆ ಬರೀತೀರಿ ಸರ್?
ರೇಷನ್ ಕಾರ್ಡಿನಲ್ಲಿಲ್ಲ, ಜನನ ದಾಖಲೆ ಇಲ್ಲ.
ಟಿಪ್ಪಣಿ ಮೂರು ನೋಡಿ. ಮುಂದಿನ ಸಲ ಹಿಡಿಯೋಣ,
ಮೂರು ವರ್ಷ ತಾನೇ.’
ಟಿಪ್ಪಣಿ ಮೂರು ನನಗೆ ಬಾಯಿಪಾಠ.
ಬರೆದ ಸಮಿತಿಯಲ್ಲಿ ನಾನೂ ಇದ್ದೆ.

ಆಗ ಕಣ್ಣಿಗೆ ಬಿತ್ತು ಬೇಲಿ.
ಹಳೇ ಬಿಳಿ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆ,
ಸಾಲಾಗಿ, ಒಂದೂ ಬಿಳಿಯಿಲ್ಲ.
ಕಾಡಿಗೆ ಒರೆಸಿದ ಹಾಗೆ.
‘ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ.
ಸುಗ್ಗಿ ತನಕ ಒರತೆ ನೀರು ತಿಳಿ ಇತ್ತು.’
ಯಾವ ಒರತೆ?
ಮೂತಿ ಚಾಚಿ ತೋರಿಸಿದಳು, ಕಟ್ಟೆಯ ಬುಡದ ಕಡೆ.

ಬೆಳಿಗ್ಗೆ ಏಳು ಕೊಳವೆಗಳಿಗೆ ಟೇಪು ಇಳಿಸಿದ್ದೆ.
ಏಳಕ್ಕೂ ‘ತೃಪ್ತಿಕರ’ ಎಂದು ಬರೆದಾಗಿತ್ತು.
ತಿಳಿಯಾಗಿ ಒಸರಿದರೆ ಅದು ಕಟ್ಟೆಯ ಬೆವರು.
ಕದಡಿ ಒಸರಿದರೆ
ಒಳಗೆ ಕಟ್ಟೆ ತನ್ನನ್ನು ತಾನೇ
ಚಿಟಿಕೆ ಚಿಟಿಕೆಯಾಗಿ ಹೊರಗೆ ಸಾಗಿಸುತ್ತಿದೆ.
ಮಳೆಯ ಹನಿಯಿಲ್ಲದ ಎಪ್ರಿಲ್‌ನಲ್ಲಿ.
ಎಂಟನೆಯ ಮಾಪಕ ಬೇಲಿಯ ಮೇಲೆ ಒಣಗುತ್ತಿತ್ತು.

ಒಂಬತ್ತು ಹೊಡೆದು ಹತ್ತು ಬರೆದೆ.
ಹೆಸರಿನ ಜಾಗದಲ್ಲಿ: ಇಟ್ಟಿಲ್ಲ.
ಮೊದಲ ಕಲಮಿನ ‘ತೃಪ್ತಿಕರ’ವನ್ನೂ ಹೊಡೆದು ಸಹಿ ಹಾಕಿದೆ.
ಪೆನ್ನು ಕಾಗದ ಹರಿಯಿತು.
ಸಾಳುಂಕೆ ಫೋನು ಹಿಡಿದು
ನೆಟ್‌ವರ್ಕ್ ಹುಡುಕುತ್ತ ದೂರ ಹೋದರು.
ಒಂದು ಬಟ್ಟೆ ಕೊಡುತ್ತೀಯಾ ಎಂದು ಕೇಳಿದೆ, ಪರೀಕ್ಷೆಗೆ.
ಬೀರಮ್ಮ ನಕ್ಕು ಎರಡು ಕೊಟ್ಟಳು.

‘ಬರದ್ರೆ ಏನ್ ಬತ್ತದೆ?’
ಸೈರನ್ ಬರುತ್ತದೆ.
‘ಅದು ಕೂಗ್ದಾಗ ಎಲ್ಲಿಗೆ ಹೋಗೂದು?’

ದಿಬ್ಬಕ್ಕೆ, ಎನ್ನಲು ಕೈ ಎತ್ತಿದೆ.
ಎತ್ತಿದ ಕೈ ಅಲ್ಲೇ ನಿಂತಿತು.
ದಿಬ್ಬ ಹತ್ತುವ ಕಾಲುದಾರಿ
ಮೊದಲು ಹಳ್ಳಕ್ಕೆ ಇಳಿಯುತ್ತದೆ.
ಹಳ್ಳದ ಮೇಲೆ ಸಂಕ,
ಒಂದೇ ತೆಂಗಿನ ಕಾಂಡದ್ದು.